ಕೇಳುವವನ ಚಂಚಿ

ನಮ್ಮ ಊರಿನ ಮೇಲುಪೇಟೆಯಿಂದ ಕೆಳಪೇಟೆಗೆ ಇಳಿಯುವ ದಾರಿಗೆ ಏಳು ತಿರುವುಗಳಿವೆ. ಏಳನೆಯದನ್ನು ದಾಟಿದರೆ ಹಳ್ಳ, ಹಳ್ಳ ದಾಟಿದರೆ ಕೆಳಪೇಟೆ. ಮೇಲಿನವರು ಕೆಳಗಿನವರಿಗೆ ಏನಾದರೊಂದು ಕಳಿಸುತ್ತಲೇ ಇರುತ್ತಾರೆ. ಜೋಳದ ಚೀಲ, ಹೊಲಿಗೆ ಯಂತ್ರ, ಬಾಣಂತಿಗೆ ಅಂಟಿನುಂಡೆ, ಮದುವೆಯ ಮಂಚ. ಅವನ್ನೆಲ್ಲ ಹೇರಿಕೊಂಡು ಇಳಿಯುವ ಮೂರು ಗಾಲಿಯ ಎಂಜಿನ್ ಗಾಡಿಗಳು ಇಳುಕಲಿನ ತಲೆಯ ಮೇಲಿರುವ ಅಡ್ಡೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಆ ಅಡ್ಡೆಯ ಬೇವಿನ ಮರದ ಕೆಳಗೆ ಇಪ್ಪತ್ತೆಂಟು ವರ್ಷದಿಂದ ಕೂತಿರುವವನು ನಾನು. ಹೆಸರು ಅಡಿವೆಪ್ಪ. ಗಾಡಿ ಹೊಡೆಯುವವರೆಲ್ಲ ಕಾಕಾ ಅನ್ನುತ್ತಾರೆ. ನನ್ನ ಕೆಲಸ ಕೇಳುವುದು. ನನಗಿಂತ ಮೊದಲು ನಮ್ಮಪ್ಪ ಕೇಳುತ್ತಿದ್ದ.

ಬೇರೆ ಊರುಗಳಲ್ಲಿ ಹೇಗೋ ನನಗೆ ತಿಳಿಯದು. ನಮ್ಮಲ್ಲಿ, ಕಳಿಸುವವರು ಹೇಳದೆ ಉಳಿಸಿಕೊಂಡ ಮಾತು ಸಾಮಾನಿನ ಜೊತೆಗೇ ಹೋಗುತ್ತದೆ, ಭಾರವಾಗಿ ಹೋಗುತ್ತದೆ. ಅಡ್ಡೆಯ ತಕ್ಕಡಿಗೆ ಅದು ಸಿಗುವುದಿಲ್ಲ. ಗಾಡಿ ಇಳುಕಲಿಗೆ ಮೂಗು ಮಾಡಿದ ಮೇಲೆ ಒಂದೊಂದು ತಿರುವಿಗೂ ಬಲಿಯುತ್ತ ಹೋಗುತ್ತದೆ. ಸಿಮೆಂಟ್ ಅಂಗಡಿಯವನ ಇಪ್ಪತ್ತು ಚೀಲ ಇಳಿದರೂ ಒಂದು ಗುಂಜಿ ಹೆಚ್ಚಾದದ್ದನ್ನು ನಾನು ಕಂಡಿಲ್ಲ. ಕೋರ್ಟಿನ ಕಾಗದ ಅರಳೆಯ ಹಾಗೆ ಇಳಿಯುತ್ತದೆ. ಆದರೆ ಮುನಿಸಿಕೊಂಡ ಮಗಳಿಗೆ ತಾಯಿ ಕಳಿಸಿದ ಒಂದು ಗಡಿಗೆ ಉಪ್ಪಿನಕಾಯಿಗೆ ಗಾಡಿ ಒಂದು ಮಗ್ಗುಲಿಗೆ ವಾಲಿದ್ದುಂಟು. ಮದುವೆಯ ಸುಗ್ಗಿಯಲ್ಲಿ ನಮ್ಮ ಹುಡುಗರು ಮಂಚಕ್ಕೂ ಕಪಾಟಿಗೂ ಹೆದರುವುದಿಲ್ಲ. ಗಾಡಿ ಹೊರಡುವಾಗ ಹೆಣ್ಣಿನ ಅಪ್ಪ ಓಡಿ ಬಂದು ಕೈಗೆ ತುರುಕುವ ಸಣ್ಣ ಕರವಸ್ತ್ರದ ಗಂಟಿಗೆ ಹೆದರುತ್ತಾರೆ.

ಅದಕ್ಕೇ ಕೇಳುವವನು ಬೇಕು. ಹೇರು ಕಟ್ಟಿದ ಮೇಲೆ ನಾನು ಅದರ ಮೇಲೆ ಕೈಯಿಟ್ಟು ಕಳಿಸುವವರನ್ನು ಕೇಳುತ್ತೇನೆ: "ಏನರ ಉಳದೈತೇನು?" ಉಳಿದಿದ್ದರೆ ಅವರು ನನ್ನ ಕಿವಿಗೆ ಬಾಗಿ ಹೇಳುತ್ತಾರೆ. ಒಂದು ಮಾತು ಸಾಕು. ಕೆಲವರು ಮಾತೂ ಆಡುವುದಿಲ್ಲ, ಒಂದು ಹೆಸರು ಹೇಳಿ ಮೂಗು ಒರೆಸಿಕೊಳ್ಳುತ್ತಾರೆ. ಕೇಳಿದೆ ಎಂದು ನಾನು ಹೇರನ್ನು ತಟ್ಟಿದರೆ ಗಾಡಿ ಹೊರಡಬಹುದು. ಮಾತು ಹೊರಗೆ ಬಂದರಷ್ಟೇ ಸಾಲದು, ಕೇಳುವ ಕಿವಿಯೊಂದು ಇರಬೇಕು. ಗೋಡೆಗೆ ಹೇಳಿದರೆ ಇಳಿಯುವುದಿಲ್ಲ, ಗಾಳಿಗೆ ಹೇಳಿದರೆ ಇಳಿಯುವುದಿಲ್ಲ. "ಕೇಳಿದ್ದನ್ನ ಕಿವ್ಯಾಗ ಇಟ್ಕೊಂಡು ಕುಂದರಬ್ಯಾಡ, ಶಿವನ ಪಾದಕ್ಕ ಹಾಕಿ ಕೈ ತೊಳಕೋ" ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಹಾಗೆಯೇ ಮಾಡುತ್ತ ಬಂದೆ. ಊರಿನ ಅರ್ಧ ದುಃಖ ನನ್ನ ಕಿವಿಯಿಂದ ಹಾದು ಹೋಗಿದೆ, ಒಂದೂ ನನ್ನ ಬಾಯಿಂದ ಹೊರಬಿದ್ದಿಲ್ಲ. ಅದರ ಹೆಮ್ಮೆ ನನಗಿತ್ತು. ಇತ್ತು ಎಂದು ಈಗ ಅನ್ನಬೇಕು.

ಅಡ್ಡೆಯಲ್ಲಿ ಒಂದು ಕರಿ ಹಲಗೆ ಇದೆ. ಗಾಡಿ ಉರುಳಿದಾಗ, ಯಾಕೆ ಉರುಳಿತು ಎಂದು ಎಲ್ಲರಿಗಿಂತ ಹಿರಿಯ ಡ್ರೈವರ್ ವಿಚಾರಿಸಿ ಅದರ ಮೇಲೆ ಸುಣ್ಣದಲ್ಲಿ ಬರೆಯುತ್ತಾನೆ. ಮುಂಜಾನೆ ಅದನ್ನು ಓದದೆ ಯಾರೂ ಗಾಡಿ ಹತ್ತುವಂತಿಲ್ಲ. ಓದು ಬಾರದವರು ಓದಿಸಿಕೊಳ್ಳಬೇಕು. ಒಮ್ಮೆ, "ಮೂರನೇ ತಿರುವಿನಲ್ಲಿ ಶೇಂಗಾ ಹೊಟ್ಟು ಬಿದ್ದಿತ್ತು, ಬ್ರೇಕು ಹಿಡಿಯಲಿಲ್ಲ" ಎಂದು ಬರೆದಿದ್ದರು. ಅಂದಿನಿಂದ ಮೂರನೆಯ ತಿರುವಿನಲ್ಲಿ ಒಂದು ಕಸಬರಿಗೆ ನಿಂತಿದೆ. ಇನ್ನೊಮ್ಮೆ, "ಸೊಸೆ ಇಲ್ಲ ಅಂದಳು, ಇತ್ತು" ಎಂದು ಬರೆದಿದ್ದರು. ಅಂದಿನಿಂದ ಸೊಸೆಯಂದಿರನ್ನು ಅತ್ತೆಯರಿಂದ ಹತ್ತು ಮಾರು ದೂರ ಕರೆದೊಯ್ದು ಕೇಳುತ್ತೇನೆ. ಹಲಗೆಯ ಮೇಲೆ ಸುಳ್ಳು ಬಿದ್ದರೆ ಮುಂದಿನ ಗಾಡಿಯವನು ಸುಳ್ಳನ್ನೇ ಕಲಿಯುತ್ತಾನೆ. ಇದು ನಮ್ಮ ಅಡ್ಡೆಯ ಧರ್ಮ.

ಈಗ ಫಕ್ಕೀರಪ್ಪನ ಮಾತು ಹೇಳುತ್ತೇನೆ. ಮೂವತ್ತನಾಲ್ಕು ವರ್ಷದವನು, ಸಣಕಲು ದೇಹ, ಎಲ್ಲದಕ್ಕೂ ನಗುವವನು. ಆದರೆ ಗಾಡಿಯ ವಿಷಯದಲ್ಲಿ ಅವನಷ್ಟು ನೇಮದವನು ಇರಲಿಲ್ಲ. ಕೋಲಿನಿಂದ ಮೂರೂ ಗಾಲಿಗಳನ್ನು ಬಡಿದು ಸಪ್ಪಳ ಕೇಳುವನು. ಇಳುಕಲಿನ ತುದಿಗೆ ಗಾಡಿ ತಂದು ಬ್ರೇಕು ಒತ್ತಿ, ಇಳಿದು, ಹಿಂದಿನಿಂದ ತಾನೇ ನೂಕಿ ನೋಡುವನು. ಗಾಲಿಗೆ ಅಡ್ಡ ಕೊಡಲು ಜಾಲಿಯ ತುಂಡೊಂದನ್ನು ಇಟ್ಟುಕೊಂಡಿದ್ದ. ಅದಕ್ಕೆ ಅವನಿಟ್ಟ ಹೆಸರು ಮಾವ.

"ಯಾಕೋ ಹಂಗ ಕರೀತಿ?" ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಮಾವಾರು ಮನಿಗೆ ಬಂದ್ರ ಹಿಂಗ ನೋಡ್ರಿ ಕಾಕಾ. ಕುಂತ್ರಂದ್ರ ಏಳಂಗಿಲ್ಲ."

ಬುತ್ತಿ ತಂದು ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ನೀಲವ್ವ ಬಿಡಲಿಲ್ಲ. "ನಮ್ಮಪ್ಪ ಬಂದು ಎರಡ ದಿನ ಕುಂತಿದ್ದಕ್ಕ ಕಟ್ಟಿಗಿಗೆ ಅವನ ಹೆಸರ ಇಟ್ಟೀರಿ. ನಿಮ್ಮವ್ವ ಬಂದು ಆರ ತಿಂಗಳ ಕುಂತಿದ್ಲು, ಆಕಿ ಹೆಸರ ಯಾವುದಕ್ಕ ಇಡೂಣು? ಆ ಬ್ಯಾವಿನ ಮರಕ್ಕ ಇಡ್ರಿ."

ಅಡ್ಡೆಗೆ ಅಡ್ಡೆಯೇ ನಕ್ಕಿತ್ತು. ಆ ಗಂಡ ಹೆಂಡತಿಯದು ಒಂದು ಪದ್ಧತಿಯಿತ್ತು. ಮುಂಜಾನೆ ಹೊಸ್ತಿಲು ದಾಟುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಬೈಯುವುದಿದ್ದರೆ ಆಗಲೇ ಬೈದು ಮುಗಿಸಬೇಕು, ಕೊರಗುವುದಿದ್ದರೆ ಆಗಲೇ ಕೊರಗಬೇಕು. ಅವರ ಓಣಿಯವರು ಆ ಜಗಳ ಕೇಳಿ ಹೊತ್ತು ತಿಳಿಯುತ್ತಿದ್ದರು. "ಖಾಲಿ ಆಗಿ ಬಂದೀನ್ರೀ ಕಾಕಾ" ಎಂದು ಅವನು ಕೈ ಎತ್ತಿ ತೋರಿಸುತ್ತ ಅಡ್ಡೆಗೆ ಬರುತ್ತಿದ್ದ.

ನಮ್ಮವ್ವ ತೀರಿಕೊಂಡು ಹನ್ನೆರಡು ವರ್ಷ ತುಂಬಿದ ದಿನ ಅದು. ಕೆಳಪೇಟೆಯಲ್ಲಿ ನನ್ನ ತಮ್ಮ ಸಂಗಪ್ಪನಿದ್ದಾನೆ. ಅವನಿಗೆ ಮೈಯಲ್ಲಿ ನೆಟ್ಟಗಿಲ್ಲ, ಹಾಸಿಗೆ ಹಿಡಿದಿದ್ದಾನೆ ಎಂದು ಸುದ್ದಿ ಬಂದಿತ್ತು. ನಾವಿಬ್ಬರೂ ಮಾತು ಬಿಟ್ಟವರು. ಯಾವುದಕ್ಕೆ ಬಿಟ್ಟೆವೋ ಈಗ ಇಬ್ಬರಿಗೂ ನೆನಪಿಲ್ಲ. ಮುಂಜಾನೆ ಪೂಜೆಗೆ ಕೂತವನಿಗೆ ಅವನ ಮುಖ ಕಂಡಿತು. ಎದ್ದು ಟ್ರಂಕಿನಿಂದ ಅವ್ವನ ಎಲೆಯಡಿಕೆಯ ಚಂಚಿ ತೆಗೆದೆ. ಬಣ್ಣ ಹೋದ ಅರಿವೆಯ ಸಣ್ಣ ಚೀಲ, ಮುಷ್ಟಿಯಲ್ಲಿ ಮುಚ್ಚಿ ಹೋಗುವಷ್ಟು. ಒಳಗೆ ಒಣಗಿದ ಒಂದು ಅಡಿಕೆ ಹೋಳು. ಗಾಳಿಗೆ ಹಾರಿಹೋಗುವ ವಸ್ತು.

ಅದನ್ನು ಫಕ್ಕೀರಪ್ಪನ ಕೈಗೆ ಕೊಟ್ಟೆ. ಅವನ ಗಾಡಿಯಲ್ಲಿ ಆಗಲೇ ಎರಡು ಚೀಲ ಜೋಳ, ಒಂದು ಹೊಲಿಗೆ ಯಂತ್ರ, ಒಂದು ಗಡಿಗೆ ಉಪ್ಪಿನಕಾಯಿ ಇದ್ದವು. ಎಲ್ಲವನ್ನೂ ನಾನು ಕೇಳಿ ಆಗಿತ್ತು.

"ಯಾರಿಗ್ರೀ ಇದು?"

"ನನ್ನ ತಮ್ಮಗ. ನಮ್ಮವ್ವನ ಚಂಚಿ."

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ, ನಾನು ಮಾಡುವ ಹಾಗೆಯೇ ಅದರ ಮೇಲೆ ಅಂಗೈಯಿಟ್ಟು, ನನ್ನ ಧ್ವನಿಯನ್ನೇ ಅಣಕಿಸಿ ಕೇಳಿದ: "ಏನರ ಉಳದೈತೇನು?"

ನಾನು ನಕ್ಕೆ.

"ನಗಬ್ಯಾಡ್ರಿ ಕಾಕಾ. ಊರಿಗೆಲ್ಲ ನೀವು ಕೇಳ್ತೀರಿ, ನಿಮ್ಮನ್ನ ಯಾರು ಕೇಳವರು? ನಾ ಕೇಳಾಕತ್ತೀನಿ. ಐತೇನು?"

ಇತ್ತು. ಒಂದು ಮಾತಿತ್ತು. ಹನ್ನೆರಡು ವರ್ಷದಿಂದ ದಿನವೂ ಮುಂಜಾನೆ ಆ ಮಾತನ್ನು ನಾನು ಶಿವನ ಮುಂದೆ ಹೇಳುತ್ತಿದ್ದೆ. ಕಣ್ಣೀರು ಹಾಕಿ ಹೇಳುತ್ತಿದ್ದೆ. ಅಂದು ಕೂಡ ಹೇಳಿಯೇ ಬಂದಿದ್ದೆ. ಹೇಳಿದ್ದು ಇಳಿದ ಹಾಗೆಯೇ ಎಂದು ನಂಬಿದ್ದೆ. ಅಷ್ಟೇ ಅಲ್ಲ, ಮಗನ ವಯಸ್ಸಿನವನ ಕಿವಿಗೆ ನಾನು ಬಾಗಬೇಕಲ್ಲ ಎಂಬುದೂ ಒಂದಿತ್ತು.

"ನನಗೇನೋ ಉಳದೈತಿ? ಹೋಗೋ, ಹೊತ್ತಾತು" ಎಂದೆ.

"ಹಂಗಾರ ಆತು. ತಾಯಿ ವಸ್ತು, ಹೇರಿನ್ಯಾಗ ಬ್ಯಾಡ. ಎದಿ ಮ್ಯಾಲ ಇರಲಿ" ಎಂದು ಅವನು ಅಂಗಿಯ ಕಿಸೆಯಲ್ಲಿ ಚಂಚಿ ಇಟ್ಟು ಗುಂಡಿ ಹಾಕಿಕೊಂಡ. ಗಾಲಿ ಬಡಿದ. ಬ್ರೇಕು ನೋಡಿದ. ಹಲಗೆ ಓದಿದ. ಮಾವನನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡ. ಅವನ ಕಡೆಯಿಂದ ಒಂದೂ ತಪ್ಪಲಿಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಐದನೆಯ ತಿರುವಿನಿಂದ ಸಪ್ಪಳ ಬಂತು. ನಾವೆಲ್ಲ ಓಡಿದೆವು. ಗಾಡಿ ದಾರಿಯ ಅಂಚಿನ ಬಂಡೆಗೆ ಹಾಯ್ದು ಮಗ್ಗುಲಾಗಿ ಬಿದ್ದಿತ್ತು. ಬ್ರೇಕು ಒತ್ತಿ ಎಳೆದ ಕರೀ ಗೆರೆ ಡಾಂಬರಿನ ಮೇಲೆ ನೆಟ್ಟಗೆ ಕಾಣುತ್ತಿತ್ತು. ಹಿಡಿದಿದ್ದ, ಆದರೆ ತಿರುಗಿಸಲು ಆಗಿರಲಿಲ್ಲ. ಹೊಲಿಗೆ ಯಂತ್ರವನ್ನು ಇಬ್ಬರು ಸರಾಗವಾಗಿ ಎತ್ತಿಟ್ಟರು. ಜೋಳದ ಚೀಲಗಳು ಜೋಳದ ಚೀಲದಷ್ಟೇ ಭಾರ ಇದ್ದವು. ಫಕ್ಕೀರಪ್ಪ ಮಾತ್ರ ಹ್ಯಾಂಡಲ್ಲಿನ ಮೇಲೆ ಬೋರಲಾಗಿ, ಯಾರೋ ಮೇಲಿನಿಂದ ಬೆನ್ನು ಅದುಮಿ ಹಿಡಿದಿದ್ದಾರೆ ಎಂಬಂತೆ ಬಿದ್ದಿದ್ದ. ಉಸಿರಿರಲಿಲ್ಲ. ನಾಲ್ವರು ಎತ್ತಲು ಹೋದರು, ಅಲುಗಲಿಲ್ಲ. ಎಂಟು ಜನ ಕೈ ಹಾಕಿದೆವು. ನಾನು ಎದೆಯ ಕಡೆ ಹಿಡಿದಿದ್ದೆ. ನನ್ನ ಕೈಗೆ ಕಿಸೆ ತಾಗಿತು, ಕೈಗೆ ಎಲ್ಲವೂ ತಿಳಿಯಿತು. ಬಾಯಿ ಬಿಡಲಿಲ್ಲ.

ಮನೆಯಲ್ಲಿ ಮೈ ತೊಳೆಸಲು ಅಂಗಿ ಬಿಚ್ಚಿದಾಗ ಅದು ಮೂಲೆಯಲ್ಲಿ ಒಳಕಲ್ಲು ಬಿದ್ದ ಹಾಗೆ ಬಿತ್ತು. ಗಚ್ಚಿನ ನೆಲ ಬಿರುಕು ಬಿಟ್ಟಿತು. ಅಂಗಿ ಬಿಚ್ಚಿದ ಮೇಲೆ ಅವನನ್ನು ಇಬ್ಬರು ಎತ್ತಿದರು, ಅಷ್ಟು ಹಗುರ ಇದ್ದ. ತೀರಿಕೊಂಡವರ ಕಿಸೆಗೆ ಹನ್ನೊಂದು ದಿನ ಯಾರೂ ಕೈ ಹಾಕಬಾರದು, ಆಮೇಲೆ ಹೆಂಡತಿಯೇ ತೆಗೆಯಬೇಕು ಎಂಬುದು ನಮ್ಮಲ್ಲಿಯ ರೂಢಿ. ಹಾಗಾಗಿ ಯಾರೂ ನೋಡಲಿಲ್ಲ. ಎದೆಯ ಮಾತು ಎದೆಯ ಮೇಲಿನ ಅಂಗಿಗೆ ಹತ್ತಿದೆ ಎಂದು ಹಿರಿಯರು ಅಂದರು. ಮಣ್ಣು ಕೊಟ್ಟು ಬಂದೆವು.

ಮರುದಿನ ಲಾಡಸಾಬ ಹಲಗೆಯ ಮುಂದೆ ನಿಂತ. ನಮ್ಮ ಅಡ್ಡೆಯ ಹಿರಿಯ ಡ್ರೈವರ್ ಅವನು, ಮೂವತ್ತು ವರ್ಷ ಆ ಇಳುಕಲು ಇಳಿದವನು. ಬ್ರೇಕಿನ ತಂತಿ ಜಗ್ಗಿ ನೋಡಿ ಬಂದಿದ್ದ, ಗಾಲಿ ನೋಡಿದ್ದ, ಹೇರು ಕಳಿಸಿದ ಮೂವರನ್ನೂ ವಿಚಾರಿಸಿದ್ದ. "ಕಾಕಾ, ನೀವು ಎಲ್ಲಾ ಕೇಳಿದ್ರಿಲ್ಲೋ?" ಅಂದ. "ಕೇಳಿದ್ದೆ" ಅಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಆ ಮಾತಿಗಿಂತ ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಆಡಿಲ್ಲ. ಲಾಡಸಾಬ ಬರೆದ: "ಬ್ರೇಕು ಸರಿ ಇತ್ತು. ಹೇರು ಸರಿ ಇತ್ತು. ಹೊಡೆಯುವವನ ಎದೆಯಲ್ಲಿ ಭಾರ ಇತ್ತು."

ಆ ಸಾಲು ಹನ್ನೊಂದು ದಿನ ಅಲ್ಲಿತ್ತು. ಹುಡುಗರು ಅದನ್ನು ಓದಿ ತಮ್ಮ ಎದೆಗೇ ಹೆದರತೊಡಗಿದರು. ಹೆಂಡತಿಯ ಕೂಡ ಮುನಿಸಿಕೊಂಡಿದ್ದ ಒಬ್ಬ ಎರಡು ದಿನ ಗಾಡಿ ತೆಗೆಯಲಿಲ್ಲ. ಬಸಯ್ಯ ಎಂಬುವನಂತೂ ಪ್ರತಿ ತಿರುವಿಗೂ ಒಂದು ಕೈ ಬಿಟ್ಟು ಎದೆ ಮುಟ್ಟಿ ನೋಡಿಕೊಳ್ಳುತ್ತ ಇಳಿದ. ನಾಲ್ಕನೆಯ ತಿರುವಿನಲ್ಲಿ ಗಾಡಿ ಅಂಚಿಗೆ ಹೋಗಿ ಗೇಣು ಅಂತರದಲ್ಲಿ ನಿಂತಿತು. ಅವನು ಮೇಲೆ ಬಂದು ಬೇವಿನ ಕಟ್ಟೆಯ ಮೇಲೆ ಕೂತು ನೀರು ಕುಡಿದ. ತಂಬಿಗೆ ಅವನ ಹಲ್ಲಿಗೆ ಕಟಕಟ ಬಡಿಯುವ ಸಪ್ಪಳ ನನಗೆ ಕೇಳುತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡೆ. ಮುಂಜಾನೆ ಶಿವನ ಮುಂದೆ ಕೂತರೆ ಈಗ ಎರಡು ಮಾತು ಹೇಳುತ್ತಿದ್ದೆ, ಹಳೆಯದೊಂದು, ಹೊಸದೊಂದು. ಹೇಳಿ ಏಳುವಾಗ ಮೊಣಕಾಲು ಏಳುತ್ತಿರಲಿಲ್ಲ.

ನಳದ ಹತ್ತಿರ ಹೆಂಗಸರು ಮಾತಾಡಿಕೊಂಡರು. "ದಿನಾ ಕೇಳಿಕೇಳಿ ಕಳಸ್ತಿದ್ಲಂತ. ಆದ್ರೂ ಏನೋ ಮುಚ್ಚಿಟ್ಟಿದ್ನಲ್ಲವ್ವ." "ಗಂಡಸರ ಎದ್ಯಾಗ ಏನಿರತೈತಿ? ಇದ್ರ ಒಂದು ಹೆಸರ ಇರತೈತಿ." ನೀಲವ್ವ ಕೊಡ ಹಿಡಿದು ಹಿಂದೆಯೇ ನಿಂತಿದ್ದಳು. ನನಗೆ ಇದನ್ನು ಹೇಳಿದವರು ಮರುಗುತ್ತಲೇ ಹೇಳಿದರು.

ಹನ್ನೊಂದನೆಯ ದಿನ ಮಧ್ಯಾಹ್ನ, ಗಾಡಿಗಳೆಲ್ಲ ಕೆಳಗೆ ಹೋದ ಹೊತ್ತಿನಲ್ಲಿ ಆಕೆ ಅಡ್ಡೆಗೆ ಬಂದಳು.

"ಕಾಕಾರ, ನಮ್ಮ ಮನಿಗೆ ಬರ್ರಿ. ಅಂಗೀನ ಕೇಳಬೇಕು."

ಹೋದೆ. ಅಂಗಿ ಬಿದ್ದಲ್ಲಿಯೇ ಬಿದ್ದಿತ್ತು. ಸುತ್ತಲೂ ಕಸ ಗುಡಿಸಿ ಒರೆಸಿದ್ದಳು, ಪಕ್ಕದಲ್ಲಿ ಒಂದು ಹಣತೆ. ನೆಲದ ಬಿರುಕಿನೊಳಗೆ ಕುಂಕುಮ ಇಳಿದಿತ್ತು. ಗೋಡೆಗೆ ಒರಗಿಸಿ ಮಾವನನ್ನು ಇಟ್ಟಿದ್ದಳು.

"ಇವತ್ತ ಕಿಸೆ ತಗೀಬೇಕ್ರಿ. ಎಳದ್ರ ಅಂಗಿ ಅಲಗವಲ್ದು. ಗುಂಡಿಗೆ ಬೆರಳ ಇಟ್ರ ಬೆರಳ ಜಜ್ಜತೈತಿ, ಅಷ್ಟ ವಜ್ಜಿ ಐತಿ." ಆಕೆಯ ಧ್ವನಿಯಲ್ಲಿ ಅಳು ಇರಲಿಲ್ಲ, ಬಹಳ ಹೊತ್ತು ತಾಲೀಮು ಮಾಡಿ ಬಂದವಳಂತೆ ಮಾತಾಡಿದಳು. "ದಿನಾ ಮುಂಜಾನೆ ನಾವಿಬ್ರೂ ಖಾಲಿ ಮಾಡ್ಕೊಂತಿದ್ವಿ. ಅವತ್ತೂ ಮಾಡ್ಕೊಂಡ್ವಿ. ಪಲ್ಯಾಕ ಉಪ್ಪ ಹೆಚ್ಚಾತಂತ ಅಂವಾ ಬೈದ, ನಿಮ್ಮವ್ವಗ ಕಲಿಸಾಕ ಹೇಳ್ರಿ ಅಂತ ನಾ ಬೈದೆ, ನಕ್ಕೊಂತ ಹೋದ. ಮತ್ತ ಇಷ್ಟ ವಜ್ಜಿ ಎಲ್ಲಿಟ್ಟಿದ್ನೋ ನನಗ ತಿಳೀವಲ್ದು. ನೀವು ಕೇಳ್ರಿ ಕಾಕಾರ. ನೀವು ಕೇಳಿದ್ರ ಹೇಳ್ತಾನ. ಯಾವಳರ ಇದ್ರ ಇರಲಿ ಬಿಡ್ರಿ. ಹೆಸರ ಹೇಳಿ ಹಗರ ಆಗಲಿ. ನಾ ಸಿಟ್ಟಾಗಂಗಿಲ್ಲ ಅಂತ ಅವಗ ಹೇಳ್ರಿ."

ಬಿರುಕಿನ ಪಕ್ಕದಲ್ಲಿ ಕೂತೆ.

"ಯವ್ವಾ, ಅಂಗೀನ ಕೇಳಬ್ಯಾಡ. ನನ್ನನ್ನ ಕೇಳು."

"ನಿಮ್ಮನ್ನೇನು ಕೇಳೂದೈತ್ರಿ?"

"ನಾ ಎಲ್ಲಾರನ್ನೂ ಏನು ಕೇಳ್ತೀನಿ, ಅದನ್ನ ಕೇಳು."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಅರ್ಥವಾಗತೊಡಗಿದ ಹೆದರಿಕೆಯಲ್ಲಿ ಕೇಳಿದಳು: "ಏನರ ಉಳದೈತೇನ್ರಿ?"

"ಐತಿ" ಅಂದೆ.

ಹೇಳಿದೆ. ಅವ್ವ ಸಾಯುವ ಮೊದಲು ಮೂರು ದಿನ ಬಾಗಿಲಿಗೇ ಕಣ್ಣು ನೆಟ್ಟು ಮಲಗಿದ್ದಳು. "ಸಂಗ್ಯಾ ಬಂದನೇನು?" ಎಂದು ತಾಸಿಗೊಮ್ಮೆ ಕೇಳುತ್ತಿದ್ದಳು. ನಾನು ತಮ್ಮನಿಗೆ ಹೇಳಿ ಕಳಿಸಿರಲೇ ಇಲ್ಲ. ಮಾತು ಬಿಟ್ಟವನನ್ನು ನಾನಾಗಿ ಯಾಕೆ ಕರೆಯಲಿ ಎಂದು ಹಟ. "ಹೇಳಿ ಕಳಸೀನಿ, ಅಂವಾ ಬರವಲ್ಲ" ಎಂದೆ. ಮೂರನೆಯ ದಿನ ಅವ್ವ, "ಹಂಗಾರ ಅವನ ಎದಿ ಕಲ್ಲಾಗೇತಿ ಬಿಡು" ಎಂದು ಗೋಡೆಯ ಕಡೆ ಹೊರಳಿದಳು. ಮತ್ತೆ ಈ ಕಡೆ ಹೊರಳಲಿಲ್ಲ. ಮಣ್ಣಾದ ಮರುದಿನ ತಮ್ಮ ಓಡಿ ಬಂದ. "ನನ್ನ ಕೇಳಿದ್ಲೇನು ಅಣ್ಣಾ?" ಅಂದ. "ಇಲ್ಲ, ನಿನ್ನ ಹೆಸರ ಎತ್ತಲಿಲ್ಲ" ಅಂದೆ. ಎರಡು ಸುಳ್ಳು. ಒಂದು ಸಾಯುವವಳಿಗೆ, ಒಂದು ಬದುಕುವವನಿಗೆ. ಆ ಅವ್ವನ ಚಂಚಿ ಈ ಕಿಸೆಯಲ್ಲಿದೆ. ನಿನ್ನ ಗಂಡ ಕೇಳಿದ್ದ ಯವ್ವಾ, ನನ್ನನ್ನು ಕೇಳಿಯೇ ಕಿಸೆಗೆ ಹಾಕಿಕೊಂಡಿದ್ದ. ನಾನು ಇಲ್ಲ ಅಂದೆ.

ಇಷ್ಟನ್ನೂ ನಾನು ಹನ್ನೆರಡು ವರ್ಷ ಶಿವನಿಗೆ ಹೇಳಿದ್ದೆ. ಅವನು ಕೇಳಲಿಲ್ಲ ಎಂದು ನಾನು ಅನ್ನುವುದಿಲ್ಲ. ಅವನು ಮೊದಲೇ ಬಲ್ಲವನು. ಬಲ್ಲವನ ಮುಂದೆ ಹೇಳಲು ಧೈರ್ಯ ಬೇಕಿಲ್ಲ. ತಿಳಿಯದವರ ಮುಂದೆ, ತಿಳಿದ ಮೇಲೆ ನಮ್ಮ ಮುಖ ನೋಡಬೇಕಾದವರ ಮುಂದೆ ಹೇಳಿದಾಗಲೇ ಅದು ಹೇಳಿದಂತೆ. ಇದನ್ನು ಕಲಿಯಲು ನನಗೆ ಫಕ್ಕೀರಪ್ಪನ ಜೀವ ಬೇಕಾಯಿತು.

ಹಣತೆಯ ಬತ್ತಿ ಚಟಪಟ ಅಂದಿತು. ನೀಲವ್ವ ಬಾಗಿ ಅಂಗಿಯ ಕೊರಳನ್ನು ಎರಡು ಬೆರಳಿನಲ್ಲಿ ಹಿಡಿದಳು. ಅಂಗಿ ಎದ್ದು ಬಂತು. ಜೋರಾಗಿ ಎತ್ತಲು ಮೈ ಬಿಗಿದಿದ್ದವಳು ಆಯ ತಪ್ಪಿ ಹಿಂದಕ್ಕೆ ಕೂತಳು. ತೊಡೆಯ ಮೇಲೆ ಅದನ್ನು ಹಾಸಿಕೊಂಡು ತೋಳುಗಳನ್ನು ಒಂದೊಂದಾಗಿ ಸರಿಪಡಿಸಿದಳು.

"ಇಷ್ಟ ಹಗರ ಇತ್ತಲ್ರೀ ಇದು" ಅಂದಳು. "ಹಂಗಾರ ಅಂವಂದು ಏನೂ ಉಳದಿರಲಿಲ್ಲ."

"ಏನೂ ಇರಲಿಲ್ಲ ಯವ್ವಾ. ಅಂವಾ ಖಾಲಿ ಹೋದ."

ಆಗ ಆಕೆ ಅತ್ತಳು. ಹನ್ನೊಂದು ದಿನದ ಅಳು. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದವಳ ಮುಂದೆ ನಾನು ಕೈ ಜೋಡಿಸಲಿಲ್ಲ. ಕೈ ಜೋಡಿಸುವುದೂ ಏನನ್ನೋ ಬೇಡಿದಂತೆ ಆಗುತ್ತಿತ್ತು. ಅತ್ತು ಮುಗಿದ ಮೇಲೆ ಕಿಸೆಯ ಗುಂಡಿ ಬಿಚ್ಚಿ ಚಂಚಿ ತೆಗೆದಳು. ಅದನ್ನು ನನ್ನ ಕೈಗೆ ಕೊಡಲಿಲ್ಲ. ಎದ್ದು ಹೋಗಿ ಹೊಸ್ತಿಲಿನ ಆಚೆ ಇಟ್ಟು ಬಂದಳು.

"ತಗೊಂಡ ಹೋಗ್ರಿ. ಮೊದಲ ಹೋಗಿ ಹಲಗಿ ಒರಸ್ರಿ."

ಲಾಡಸಾಬ ಕೆಳಗಿನಿಂದ ಮೇಲೆ ಬರುವಷ್ಟರಲ್ಲಿ ನಾನು ಹಲಗೆ ಒರೆಸಿ ಬರೆದಿದ್ದೆ: "ಫಕ್ಕೀರಪ್ಪ ಕೇಳಿದ. ಅಡಿವೆಪ್ಪ ಇಲ್ಲ ಅಂದ. ಇತ್ತು."

ಒಬ್ಬೊಬ್ಬರೇ ಬಂದು ಓದಿದರು. ಬಸಯ್ಯ ಓದು ಬಾರದವನು, "ಏನಂತ ಬರದೈತ್ರಿ?" ಎಂದು ಪಕ್ಕದವನನ್ನು ಕೇಳಿ, ತಿಳಿದುಕೊಂಡು, ಎದೆಯ ಮೇಲಿನ ಕೈ ಕೆಳಗೆ ಬಿಟ್ಟ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ನಾನು ಕೋಲು ಹಿಡಿದು ಎದ್ದೆ. ಇನ್ನು ಈ ಕಟ್ಟೆಯ ಮೇಲೆ ನಾನು ಕೂರುವುದಿಲ್ಲ ಎಂದೆ.

ಲಾಡಸಾಬ ದಾರಿಗೆ ಅಡ್ಡ ನಿಂತ. ಅವನ ಕಣ್ಣು ಕೆಂಪಾಗಿದ್ದವು. "ಎದ್ದ ಹೋದ್ರ ನಿಮಗ ಸಸಾರ ಆಕ್ಕೈತ್ರಿ ಕಾಕಾ. ನಾ ಅವನ ಹೆಸರಿಗೆ ನನ್ನ ಕೈಯಾರೆ ಸುಣ್ಣ ಬಳದೀನಿ, ನಾ ಎಲ್ಲಿಗೆ ಎದ್ದ ಹೋಗ್ಲಿ? ಕುಂದರ್ರಿ. ನಾಳಿಂದ ಮೊದಲನೇ ಗಾಡಿ ಬಿಡೂಕಿಂತ ಮೊದಲ ನಿಮ್ಮನ್ನ ಕೇಳ್ತೀವಿ. ದಿನಾ ಕೇಳ್ತೀವಿ. ಹೇಳಬೇಕು."

ಅಂದಿನಿಂದ ಅದು ಅಡ್ಡೆಯ ನೇಮವಾಗಿದೆ. ಪಾಳಿಯ ಪ್ರಕಾರ ಒಬ್ಬರು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಕೇಳುತ್ತಾರೆ. ನಾನು ಅವರ ಕಿವಿಗೆ ಬಾಗುತ್ತೇನೆ.

ಹಲಗೆ ಒರೆಸಿದ ಆ ಸಂಜೆಯೇ ಚಂಚಿಯನ್ನು ಕೈಯಲ್ಲಿ ಹಿಡಿದು ಏಳೂ ತಿರುವು ನಡೆದು ಇಳಿದೆ. ಸಂಗಪ್ಪ ಹಾಸಿಗೆಯ ಮೇಲೆ ಎಲುಬಿನ ಗೂಡಾಗಿದ್ದ. ಅವನಿಗೂ ಎಲ್ಲವನ್ನೂ ಹೇಳಿದೆ. ಅವ್ವನ ಹಾಗೆಯೇ ಅವನು ಗೋಡೆಗೆ ಹೊರಳಿದ. ಮುಗಿಯಿತು ಎಂದುಕೊಂಡೆ. ಅವನು ಗೋಡೆಗೇ ಹೇಳುವವನಂತೆ ಅಂದ: "ಹನ್ನೆರಡ ವರ್ಷ ನಾ ಅವ್ವನ ಮ್ಯಾಲ ಸಿಟ್ಟಾಗಿದ್ದೆ ಅಣ್ಣಾ. ಆಕಿ ಹೆಸರಿಲೆ ಒಂದ ದೀಪ ಹಚ್ಚಿಲ್ಲ." ಆಮೇಲೆ ಈ ಕಡೆ ತಿರುಗದೆಯೇ ಒಂದು ಕೈಯನ್ನು ಹಿಂದಕ್ಕೆ ಚಾಚಿದ. ಅದರಲ್ಲಿ ಚಂಚಿ ಇಟ್ಟು ಬಂದೆ.

ನೀಲವ್ವ ಆಮೇಲೆ ಅಡ್ಡೆಯ ಕಡೆ ಹಾಯಲಿಲ್ಲ. ನೀರಿಗೆ ಹೋಗುವಾಗ ಓಣಿ ಸುತ್ತಿ ಹೋಗುತ್ತಿದ್ದಳು. ಫಕ್ಕೀರಪ್ಪ ಹೋಗಿ ವರ್ಷ ತುಂಬಿದ ಮರುದಿನ ಮುಂಜಾನೆ ತಲೆಯ ಮೇಲೆ ಸಣ್ಣ ಗಂಟು ಹೊತ್ತು ಬಂದಳು. ಕೆಳಪೇಟೆಯಲ್ಲಿರುವ ಆಕೆಯ ಅತ್ತೆ, ತನ್ನ ಮಗನ ಅಂಗಿ ನೋಡಬೇಕು ಎಂದು ಹೇಳಿ ಕಳಿಸಿದ್ದಳಂತೆ. ಗಂಟನ್ನು ಕಟ್ಟೆಯ ಮೇಲೆ ಇಳಿಸಿ, ಅದರೊಳಗಿಂದ ಜಾಲಿಯ ತುಂಡನ್ನು ತೆಗೆದು ಲಾಡಸಾಬನ ಕೈಗೆ ಕೊಟ್ಟಳು. "ಇದು ಗಾಡಿಯವರದು. ಮನ್ಯಾಗ ಇಟ್ಕೊಂಡು ಏನ ಮಾಡ್ಲಿ ಅಣ್ಣಾರ."

ಅಂಗಿಯ ಗಂಟು ನನ್ನ ಮುಂದೆ ಉಳಿಯಿತು. ನಾನು ಅದರ ಮೇಲೆ ಕೈಯಿಟ್ಟೆ. ಕೇಳದೆ ಇರುವ ಹಾಗಿರಲಿಲ್ಲ.

"ಏನರ ಉಳದೈತೇನು ಯವ್ವಾ?"

ಆಕೆ ಹನ್ನೊಂದನೆಯ ದಿನದ ಮೇಲೆ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಐತ್ರಿ" ಅಂದಳು. "ಆದ್ರ ನಿಮ್ಮ ಕಿವಿಗೆ ಹೇಳಾಂಗಿಲ್ಲ."

ಬೇರೆ ಯಾರಾದರೂ ಕೇಳಲಿ ಎಂದು ಲಾಡಸಾಬ ಮುಂದೆ ಬಂದ. ಆಕೆ ತಲೆಯಾಡಿಸಿದಳು. ಹೇಳದ ಹೇರನ್ನು ಗಾಡಿಗೆ ಹಾಕುವಂತಿಲ್ಲ ಎಂಬುದು ಆಕೆಗೂ ಗೊತ್ತಿತ್ತು. ಯಾರ ಗಾಡಿಯನ್ನೂ ಆಕೆ ಕೇಳಲಿಲ್ಲ. ಸೆರಗನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, ಗಂಟು ಎತ್ತಿ ಅದರ ಮೇಲೆ ಹೊತ್ತು ಇಳುಕಲಿಗೆ ಕಾಲಿಟ್ಟಳು.

ಮೊದಲ ತಿರುವನ್ನು ಸರಾಗ ದಾಟಿದಳು. ಎರಡನೆಯದರಲ್ಲಿ ಕುತ್ತಿಗೆ ಬಗ್ಗಿತು. ಮೂರನೆಯದರಲ್ಲಿ, ಕಸಬರಿಗೆ ನಿಂತಿರುವಲ್ಲಿ, ಗಂಟು ಇಳಿಸಿ ಕೂತಳು. ಎದ್ದು ಮತ್ತೆ ಹೊತ್ತಳು. ಐದನೆಯದರಲ್ಲಿ ಬಹಳ ಹೊತ್ತು ಕೂತಳು. ಮೇಲಿನಿಂದ ನಮಗೆ ಆಕೆಯ ಬೆನ್ನಷ್ಟೇ ಕಾಣುತ್ತಿತ್ತು. ಓಡಿ ಹೋಗಿ ಒಂದು ಕಡೆ ಕೈ ಕೊಡಬೇಕು ಎಂದು ನನ್ನ ಜೀವ ಹೊಡೆದುಕೊಂಡಿತು. ಕೊಡುವ ಹಕ್ಕು ನನಗಿರಲಿಲ್ಲ. ಇಪ್ಪತ್ತೆಂಟು ವರ್ಷ ಊರಿನ ಭಾರ ಇಳಿಸಿದವನು ನಾನು. ನಾನೇ ಹೇರಿದ್ದನ್ನು ಹೊತ್ತು ಹೋಗುತ್ತಿದ್ದವಳನ್ನು ನೋಡುತ್ತ ನಿಂತೆ.

ಮುಂಜಾನೆಯ ಹೇರಿನ ಹೊತ್ತು ಅದು. ಏಳು ಗಾಡಿಗಳು ತುಂಬಿ ನಿಂತಿದ್ದವು, ಕೆಳಗೆ ಕಾಯುವವರಿದ್ದರು. ಲಾಡಸಾಬ ತನ್ನ ಗಾಡಿಯ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಅವನ ಹಿಂದಿನವನು ಆರಿಸಿದ. ಒಂದೊಂದೇ ಗಾಡಿ ಸುಮ್ಮನಾಯಿತು. ಲಾಡಸಾಬ ಬಾಗಿ, ಎಲ್ಲಕ್ಕಿಂತ ಮುಂದಿದ್ದ ಗಾಡಿಯ ಗಾಲಿಗೆ ಫಕ್ಕೀರಪ್ಪನ ಮಾವನನ್ನು ಅಡ್ಡ ಕೊಟ್ಟ. ಆಕೆ ಹಳ್ಳ ದಾಟುವ ತನಕ ಒಂದು ಗಾಡಿಯೂ ಇಳುಕಲಿಗೆ ಮೂಗು ಮಾಡಲಿಲ್ಲ.